ಮಲಗಿದ ಕೂಸಿಗೆ ಹಾಲು

ಡಿಸೆಂಬರ್ 8, ಭಾನುವಾರ

ಈ ಮನೆಯಲ್ಲಿ ಕನ್ನಡ ಆಡುವವರು ಎಲ್ಲರೂ, ಓದುವವಳು ನಾನೊಬ್ಬಳೇ. ಗಂಡನ ಮನೆಯವರು ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಈ ತಮಿಳು ಸೀಮೆಯ ನಂಜನಾಡಿಗೆ ಬಂದು ಎರಡು ತಲೆಮಾರಾಯಿತು. ಅತ್ತೆ ಮಲ್ಲಾಜಮ್ಮ ಶಾಲೆಯ ಮುಖ ಕಂಡವರಲ್ಲ. ನನ್ನ ಗಂಡ ನಂಜುಂಡೇಶ ಓದಿದ್ದೆಲ್ಲ ತಮಿಳಿನಲ್ಲಿ. ಹಾಗಾಗಿ ಈ ಪುಸ್ತಕವನ್ನು ದಿಂಬಿನ ಪಕ್ಕದಲ್ಲೇ ಬಿಚ್ಚಿಟ್ಟು ಮಲಗಬಹುದು. ಇವರ ಗೊರಕೆ ಲೋಡ್ ಲಾರಿ ಘಾಟಿ ಹತ್ತಿದಂತಿದೆ ಎಂದು ಬರೆದರೂ ಇವರೇ ಅದನ್ನು ಪ್ರೀತಿಯಿಂದ ಎತ್ತಿ ಕಪಾಟಿನಲ್ಲಿಡುತ್ತಾರೆ.

ಬರೆಯುವುದಕ್ಕೆ ಕಾರಣ ವಸಂತಾಮಣಿ, ಊರಿನ ನರ್ಸಮ್ಮ. ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಾಳೆ. ತೂಕ ಕಡಿಮೆ, ನಿದ್ದೆ ಜಾಸ್ತಿ. "ತೂಂಗಟ್ಟುಂನು ವಿಡಾದೇಮ್ಮಾ, ಎಳುಪ್ಪಿ ಕುಡು" ಅಂದರು ನರ್ಸಮ್ಮ. ಮಲಗಲಿ ಎಂದು ಬಿಡಬೇಡ, ಎಬ್ಬಿಸಿ ಕುಡಿಸು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಅವಳನ್ನು ಎಬ್ಬಿಸಬೇಕಾದರೆ ನಾನು ಮೊದಲು ಎದ್ದಿರಬೇಕಲ್ಲ? ಫೋನ್ ಹಿಡಿದರೆ ಅದು ಮುಖದ ಮೇಲೆ ಬೀಳುತ್ತದೆ. ಪೆನ್ನು ಹಿಡಿದರೆ ಸ್ವಲ್ಪ ಹೊತ್ತಾದರೂ ಕಣ್ಣು ತೆರೆದಿರುತ್ತದೆ.

ಸದ್ಯಕ್ಕೆ ಪರವಾಗಿಲ್ಲ. ಕಂಬಳಿ ಬಿಚ್ಚಿ ಅಂಗಾಲು ತಟ್ಟಿದರೆ ಮುದುಕಿಯ ಹಾಗೆ ಮುಖ ಕಿವುಚುತ್ತಾಳೆ, ಒಂದು ಸಲ ಕಿರುಚುತ್ತಾಳೆ, ಆಮೇಲೆ ಬಸ್ಸು ತಪ್ಪಿಹೋಗುವವರ ಹಾಗೆ ಅವಸರದಲ್ಲಿ ಕುಡಿಯುತ್ತಾಳೆ. ನಾಳೆ ನನ್ನ ಅವ್ವ ಬರುತ್ತಾಳೆ. ಬಾಣಂತನಕ್ಕೆ ತೌರಿಗೆ ಹೋಗಲು ಡಾಕ್ಟರು ಬಿಡಲಿಲ್ಲ, ಹಾಗಾಗಿ ತೌರೇ ಬೆಟ್ಟ ಹತ್ತಿ ಬರುತ್ತಿದೆ. ಇನ್ನು ನನಗೇನು ಚಿಂತೆ.

ಡಿಸೆಂಬರ್ 10

ಅವ್ವ ಬಂದಳು. ಬೆಳ್ಳುಳ್ಳಿ, ಓಂಕಾಳು, ಒಣಶುಂಠಿ, ಹಳೇ ಸೀರೆಗಳ ಗಂಟು, ಜೊತೆಗೆ ಕೆಂಡ ಇಡುವ ಕಬ್ಬಿಣದ ಬಾಣಲಿ. ಬಾಣಲಿಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ಬಂದಳಂತೆ, ಕಂಡಕ್ಟರು ನಕ್ಕನಂತೆ. ನಮ್ಮ ಕಡೆ ಬಾಣಂತಿಯ ಮಂಚದ ಕೆಳಗೆ ಕೆಂಡ ಇರಲೇಬೇಕು. ತಾಯಿಯ ಸೊಂಟ ಕಾಯಬೇಕು, ಕೂಸಿನ ಮೈ ಕಾಯಬೇಕು.

ನಮ್ಮ ಕೋಣೆ ನೋಡಿ ಅವ್ವನಿಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ಅತ್ತೆಯ ಹಳೇ ಮನೆಗಿಂತ ಮೇಲೆ, ಗುಡ್ಡ ಕಡಿದು ಸಮ ಮಾಡಿದ ಪಾತಿಯಲ್ಲಿ ಇವರು ಮದುವೆಗೆಂದು ಕಟ್ಟಿಸಿದ ತಾರಸಿ ಕೋಣೆ ಇದು. ಹೊಸ ಟೈಲ್ಸು, ಜಾರುವ ಗಾಜಿನ ಕಿಟಕಿ. ಅವ್ವ ಕಿಟಕಿಯ ಸಂದಿಗೆ ಕೈಯಿಟ್ಟು ನೋಡಿದಳು. "ಇದ್ಯಾವ ಊರವ್ವ, ಮನೆ ಒಳ್ಗೇ ಬಾಯಲ್ಲಿ ಹೊಗೆ ಬತ್ತದೆ! ಬಾಣಂತಿಗೆ ಗಾಳಿ ಸೋಕುದ್ರೆ ಜಲ್ಮಕ್ಕೂ ಬುಡಲ್ಲ ಕನ" ಅಂದವಳೇ ಸೀರೆ ಹರಿದು ಸಂದಿಗೆಲ್ಲ ತುರುಕಿದಳು. ಬಾಗಿಲ ಕೆಳಗೆ ಕ್ಯಾರೆಟ್ ಚೀಲ ಮಡಿಸಿಟ್ಟಳು. ನನ್ನ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಕನ್ನಡಿಯಲ್ಲಿ ನೋಡಿಕೊಂಡರೆ ಕಾವಿಗೆ ಕೂತ ಕೋಳಿಯ ಹಾಗಿದ್ದೇನೆ.

ಇದ್ದಿಲ ಕೆಂಡ ಇಟ್ಟ ಮೇಲೆ ಕೋಣೆ ನಿಜಕ್ಕೂ ಸುಖವಾಯಿತು. ಈ ಊರಿಗೆ ಬಂದ ಮೇಲೆ ನನ್ನ ಕಾಲು ಬೆಚ್ಚಗಾದದ್ದು ಇದೇ ಮೊದಲು. ನಾವು ಮೂವರೂ ಸತ್ತವರ ಹಾಗೆ ನಿದ್ದೆ ಮಾಡಿದೆವು. ರಾತ್ರಿ ಕೂಸಿಗೆ ಹಾಲೇ ಕೊಡಲಿಲ್ಲವೆಂದು ಬೆಳಗ್ಗೆ ನೆನಪಾಗಿ, ಎದ್ದವಳೇ ಅವಳನ್ನು ಎದೆಗೆ ಹಿಡಿದೆ.

ಡಿಸೆಂಬರ್ 13

ಇವತ್ತು ಅವ್ವನಿಗೂ ನರ್ಸಮ್ಮನಿಗೂ ನೇರಾನೇರ ಆಯಿತು.

"ಮಲ್ಗಿರೋ ಕೂಸ್ನ ಯಾರಾರೂ ಎಬ್ಬುಸ್ತಾರಾ? ಹಸಿವಾದ್ರೆ ಅದೇ ಅಳ್ತದೆ" ಅಂದಳು ಅವ್ವ.

ನರ್ಸಮ್ಮ ತಮಗೆ ಬರುವ ಅರೆಬರೆ ಕನ್ನಡದಲ್ಲಿ, "ಇಲ್ಲ ಪಾಟಿ, ಇದು ಸಣ್ಣ ಕೂಸು. ಅಳಕ್ಕೂ ತೆಂಬು ಬೇಕಲ್ಲ?" ಅಂದರು. ಪಾಟಿ ಎಂದರೆ ಅಜ್ಜಿ, ತೆಂಬು ಎಂದರೆ ತ್ರಾಣ. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ನಾನು ಇಬ್ಬರಿಗೂ ತಲೆಯಾಡಿಸಿದೆ.

ರಾತ್ರಿ ಮಾತ್ರ ನರ್ಸಮ್ಮನ ಪಕ್ಷ. ಕಂಬಳಿ ಬಿಚ್ಚಿದೆ. ಅಂಗಾಲು ತಟ್ಟಿದೆ. ಒದ್ದೆ ಬಟ್ಟೆಯಿಂದ ಹಣೆ ಒರೆಸಿದೆ. ಕಿವಿಯ ಹಿಂದೆ ಉಜ್ಜಿದೆ. ಕನ್ನಡದಲ್ಲಿ ಗದರಿದೆ, ಹರಕು ತಮಿಳಿನಲ್ಲಿ ಬೇಡಿಕೊಂಡೆ. ಎರಡು ಸಲ ಚೀಪಿದಳು, ತುಟಿ ಸಡಿಲವಾಯಿತು, ಹಾಲು ಕೆನ್ನೆಯ ಮೇಲೆ ಇಳಿಯಿತು. ಗದ್ದ ಹಿಡಿದು ಅಲುಗಿಸಿದರೆ ಕಣ್ಣು ತೆರೆಯಲಿಲ್ಲ. ಹೋದ ವಾರ ಕಿರುಚುತ್ತಿದ್ದವಳು ಇವಳೇನಾ?

ನನ್ನ ತಲೆಯೂ ಕೆಲಸ ಮಾಡುತ್ತಿಲ್ಲ. ಯಾವ ಕಡೆ ಕುಡಿಸಿದೆ ಎಂದು ನೆನಪಿರಲೆಂದು ಕುಪ್ಪಸಕ್ಕೆ ಪಿನ್ನು ಚುಚ್ಚಿಕೊಂಡಿದ್ದೇನೆ. ಈಗ ಪಿನ್ನು ಎಡಕ್ಕಿದೆ. ಎಡಕ್ಕೆ ಕುಡಿಸಿ ಆಯಿತು ಎಂದೋ, ಎಡಕ್ಕೆ ಕುಡಿಸಬೇಕು ಎಂದೋ? ಪಿನ್ನನ್ನು ಕೇಳಿದರೆ ಹೇಳುತ್ತದೆಯೇ.

ವಿಚಿತ್ರ ಇದಲ್ಲ. ಹಗಲಲ್ಲಿ ಅತ್ತೆಯ ಅಂಗಳದ ಬಿಸಿಲಿಗೆ ಎತ್ತಿಕೊಂಡು ಹೋದರೆ ಇದೇ ಕೂಸು ಸ್ವಲ್ಪ ಹೊತ್ತಿಗೆ ಕಣ್ಣು ಬಿಡುತ್ತದೆ. ಅತ್ತೆ "ಏನವ್ವ ಚಿನ್ನ, ಎದ್ಯಾ?" ಎನ್ನುವುದೇ ತಡ, ತಲೆ ತಿರುಗಿಸಿ ಹಾಲು ಹುಡುಕುತ್ತದೆ. ಅತ್ತೆ ನನ್ನ ಕಡೆ ನೋಡುವುದಿಲ್ಲ. ನೋಡದೆ ಇರುವುದೂ ಒಂದು ನೋಟವೇ.

ಡಿಸೆಂಬರ್ 16

ಅವ್ವ ನಾಳೆ ಊರಿಗೆ ಹೋಗುತ್ತಾಳೆ. ತಂಗಿ ಕಲಾಗೆ ಈಗ ಏಳು ತಿಂಗಳು, ಅವಳನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅವ್ವನಿಗೆ ಇಲ್ಲಿ ದಿನಾ ಬೆಳಗ್ಗೆ ತಲೆಶೂಲೆ. "ನಿಮ್ಮ ಊರಿನ ಹವಾ ನಂಗಾಗಲ್ಲ ಕನವ್ವ, ತಲೆ ಒಳ್ಗೆ ಯಾರೋ ಕುಟ್ತಾವ್ರೆ" ಎನ್ನುತ್ತಾಳೆ. ನನಗೂ ಕುಟ್ಟುತ್ತಾರೆ, ನಾನು ಹೇಳಿಕೊಂಡಿಲ್ಲ.

ಮಧ್ಯಾಹ್ನ ಮೆಣಸಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ನೀನು ಹಾಕಿದೆ, ನೀನು ಹಾಕಿದೆ ಎಂದು ಜಗಳವಾಡಿದೆವು, ಆಮೇಲೆ ಇಬ್ಬರೂ ಅತ್ತೆವು. ಸಾರಿಗೆ ಅಳುವವರು ಲೋಕದಲ್ಲಿ ನಾವೇ ಇರಬೇಕು.

ಹೊರಡುವ ಗಡಿಬಿಡಿಯಲ್ಲೂ ಕೆಂಡ ಹೇಗೆ ಹಾಕಬೇಕು, ಬೂದಿ ಹೇಗೆ ಮುಚ್ಚಬೇಕು ಎಂದು ಹೇಳಿಕೊಟ್ಟಳು. "ರಾತ್ರಿ ಕೆಂಡ ಆರಕ್ಕೆ ಬುಡ್ಬ್ಯಾಡ. ಕೂಸು ಬೆಚ್ಚಗಿದ್ರೆ ಮೈ ಹಿಡೀತದೆ." ಮಲಗುವ ಮೊದಲು ನನ್ನ ಸ್ಕಾರ್ಫ್ ಮತ್ತೊಮ್ಮೆ ಬಿಗಿದು ಕಟ್ಟಿದಳು. ಚಿಕ್ಕ ಹುಡುಗಿಯ ಹಾಗೆ ಅವಳ ಸೆರಗು ಹಿಡಿದುಕೊಳ್ಳಬೇಕು ಅನ್ನಿಸಿತು.

ಡಿಸೆಂಬರ್ 19

ಈಗ ರಾತ್ರಿ ನಾವಿಬ್ಬರೇ. ಇವರು ರಾತ್ರಿ ಇರುವುದಿಲ್ಲ. ಇಲ್ಲಿ ಕ್ಯಾರೆಟ್ ಕೀಳುವುದೇ ನಡುರಾತ್ರಿ. ಹಣೆಗೆ ಟಾರ್ಚು ಕಟ್ಟಿಕೊಂಡು ಕಿತ್ತು, ಮೆಷಿನ್ನಿನಲ್ಲಿ ತೊಳೆದು, ಬೆಳಗಾಗುವುದರೊಳಗೆ ಮೆಟ್ಟುಪಾಳ್ಯಂ ಮಂಡಿಗೆ ಮುಟ್ಟಿಸಬೇಕು. ಇವರ ಪಿಕಪ್ಪು ಆ ಹೊತ್ತಿಗೆ ಹೊರಟರೆ ವಾಪಸು ಬರುವುದು ಬಿಸಿಲೇರಿದ ಮೇಲೆ.

ಬೆಳಗ್ಗೆ ಬಂದವರೇ ಬಾಗಿಲು ಹಾರು ಹೊಡೆದು, "ಏನ್ ಗೀತಾ, ಒಳ್ಗೆ ಉಸ್ರು ಕಟ್ತದೆ. ಕಿಟಕಿ ತಗೀಬಾರ್ದಾ?" ಅಂದರು. ಹೊರಗೆ ಹುಲ್ಲಿನ ಮೇಲೆಲ್ಲ ಬಿಳೀ ಪನಿ ಬಿದ್ದಿದೆ, ನಲ್ಲಿಯ ನೀರು ಹೆಪ್ಪುಗಟ್ಟಿದೆ, ಇವರಿಗೆ ಕಿಟಕಿ ಬೇಕಂತೆ. "ಮುಚ್ರೀ ಬಾಗಿಲು! ಕೂಸಿಗೆ ಶೀತ ಆದ್ರೆ ನೀವು ಎದ್ದು ನೋಡ್ಕೋತೀರಾ?" ಎಂದು ಕೂಗಿಬಿಟ್ಟೆ. ಕೂಗಿದ ರಭಸಕ್ಕೆ ನನಗೇ ತಲೆ ತಿರುಗಿತು. ಅವರು ಬಾಗಿಲು ಮುಚ್ಚಿ, ಕೆಳಗೆ ತಮ್ಮ ತಾಯಿಯ ಮನೆಗೆ ಮಲಗಲು ಹೋದರು. ಮದುವೆಯಾದ ಮೇಲೆ ನಾನು ಅವರಿಗೆ ಹೀಗೆ ಕೂಗಿದ್ದು ಇದೇ ಮೊದಲು. ಒಳ್ಳೆಯ ಮನುಷ್ಯ, ಪಾಪ.

ಡಿಸೆಂಬರ್ 21

ಎಬ್ಬಿಸಿದೆನೋ ಇಲ್ಲವೋ ಗೊತ್ತಿಲ್ಲ. ಎಬ್ಬಿಸಿದ ಹಾಗೆ ಕನಸು ಬಿದ್ದಿರಬಹುದು.

ಡಿಸೆಂಬರ್ 24

ನರ್ಸಮ್ಮ ತೂಕ ಹಾಕಿದರು. ತಕ್ಕಡಿಯ ಜೋಳಿಗೆಯಲ್ಲಿ ಕೂಸು ಒಂದು ಗಂಟು ಬಟ್ಟೆಯ ಹಾಗೆ ತೂಗುತ್ತಿತ್ತು. ಮುಳ್ಳು ಹೋದ ಸಲ ಎಲ್ಲಿತ್ತೋ ಅಲ್ಲೇ ನಿಂತಿದೆ. ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ರಾತ್ರಿ ಕುಡಿತಾಳಾ?" ಎಂದು ಮೆಲ್ಲಗೆ ಕೇಳಿದರು. "ಕುಡಿತಾಳೆ" ಅಂದೆ. ಯಾಕೆ ಹಾಗಂದೆ?

ಅತ್ತೆ ಸಂಜೆ ಒಂದು ಹಳೇ ಒಳಲೆ ಬೆಳಗಿ ತಂದುಕೊಟ್ಟರು, ಇವರಿಗೆ ಹಾಲು ಕುಡಿಸಿದ್ದೇ ಅದರಲ್ಲಂತೆ. ಹಾಲು ಹಿಂಡಿ ಒಳಲೆಯಲ್ಲಿ ಹಾಕಿ ತುಟಿಯ ಮೂಲೆಗೆ ಹಿಡಿದರೆ ಚೀಪುವ ಶಕ್ತಿಯಿಲ್ಲದ ಕೂಸೂ ಗುಟುಕರಿಸುತ್ತದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರು, "ಒಂದ್ ನಾಕ್ ದಿನ ರಾತ್ರಿ ಹೊತ್ತು ಕೂಸು ನನ್ನ ತಾವೇ ಇರ್ಲಿ ಮಗ. ನೀನು ಹಾಲು ಹಿಂಡಿಕೊಡು, ನಾನು ಕುಡುಸ್ತೀನಿ. ನಿನ್ನ ಮುಖ ನೋಡು, ಬಿಳಚ್ಕೊಂಡದೆ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತವಳು ನಾನು. ಕೂಸಿಗೆ ನಾನು ಬೇಡ, ನನ್ನ ಹಾಲು ಮಾತ್ರ ಬೇಕು, ಅದೂ ಅವರ ಕೈಯಿಂದ! "ಬೇಡ ಅತ್ತೆ, ನನ್ನ ಮಗಳಿಗೆ ನಾನೇ ಸಾಕು" ಅಂದೆ. ಅತ್ತೆ ಒಳಲೆಯನ್ನು ಕಿಟಕಿಯ ಮೇಲಿಟ್ಟು ಹೋದರು.

ಡಿಸೆಂಬರ್ 26

ಸಾಕಾಗುವುದಿಲ್ಲವೆಂದು ನೆನ್ನೆ ರಾತ್ರಿ ಗೊತ್ತಾಯಿತು.

ಇದ್ದಿಲು ಮುಗಿದಿತ್ತು. ಕೋಣೆ ಐಸಿನ ಡಬ್ಬಿಯಾಗಿತ್ತು. ಬೇರೆ ದಾರಿಯಿಲ್ಲದೆ ಕೂಸನ್ನು ಎತ್ತಿಕೊಂಡು ಅತ್ತೆಯ ಮನೆಗೆ ಹೋಗಿ ಅಡುಗೆಮನೆಯಲ್ಲಿ ಮಲಗಿದೆ. ಅದೇನು ಮನೆಯೋ. ತಗಡಿನ ಸೂರಿಗೂ ಗೋಡೆಗೂ ನಡುವೆ ಕೈ ತೂರುವಷ್ಟು ಜಾಗ, ಆ ಸಂದಿಯಿಂದ ಗಾಳಿ ನೇರ ಮೂಗಿಗೆ ಬರುತ್ತದೆ. ನಾನು ಅತ್ತೆಯ ಬೆನ್ನಿಗೆ ಅಂಟಿಕೊಂಡು ನಡುಗುತ್ತಿದ್ದೆ.

ಅಲ್ಲಿ ನನ್ನ ಮಗಳು ತಾನಾಗೇ ಎದ್ದಳು. ಒಂದಲ್ಲ, ಮೂರು ಸಲ. ಮೂರನೇ ಸಲ ಮನೆ ಹಾರಿಹೋಗುವ ಹಾಗೆ ಅತ್ತಳು. ಎರಡೂ ಕಡೆ ಖಾಲಿ ಮಾಡಿದಳು. ಅತ್ತೆ ಕತ್ತಲಲ್ಲೇ ನಗುತ್ತ, "ನೋಡು, ನಮ್ಮವ್ವಂಗೆ ಗಂಟ್ಲು ಬಂತು" ಅಂದರು. ಬೆಳಗ್ಗೆ ನನಗೆ ತಲೆನೋವೂ ಇರಲಿಲ್ಲ.

ಅದೇ ಎದೆ, ಅದೇ ಹಾಲು, ಅದೇ ಕೂಸು. ಬೇರೆ ಇದ್ದದ್ದು ಅತ್ತೆ ಒಬ್ಬರೇ. ಹಗಲೆಲ್ಲ ಇದನ್ನೇ ಕೂಡಿಸಿ ಕಳೆದು ನೋಡಿದೆ, ಉತ್ತರ ಬದಲಾಗಲಿಲ್ಲ. ನನ್ನ ಜೊತೆ ಒಂಟಿಯಾಗಿದ್ದರೆ ಅವಳು ಮುದುಡಿ ಮಲಗುತ್ತಾಳೆ. ಅತ್ತೆ ಪಕ್ಕದಲ್ಲಿದ್ದರೆ ಬದುಕುತ್ತಾಳೆ. ಒಂದು ಕೂಸು ತನ್ನ ತಾಯಿಯನ್ನು ಬೇಡವೆನ್ನುವುದುಂಟೇ? ಯಾರನ್ನು ಕೇಳಲಿ ಇದನ್ನು? ಕೇಳಿದರೆ ನಗುತ್ತಾರೆ, ನಗದಿದ್ದರೆ ಇನ್ನೂ ಭಯ.

ಡಿಸೆಂಬರ್ 28

ನೆನ್ನೆ ಇವರು ಇದ್ದಿಲಿನ ಚೀಲ ತಂದರು. ಅತ್ತೆ "ಇಲ್ಲೇ ಇರು ಮಗ" ಅಂದರು. ಇರಬಹುದಿತ್ತು. ಆದರೆ ದಿನಾ ರಾತ್ರಿ ಇನ್ನೊಬ್ಬರ ಬೆನ್ನ ಹಿಂದೆ ಮಲಗಿ ನನ್ನ ಮಗಳನ್ನು ಸಾಕಲೇ? ಇನ್ನೊಂದು ಸಲ ನೋಡುತ್ತೇನೆ ಅಂದುಕೊಂಡೆ. ನನ್ನ ಕೋಣೆಯಲ್ಲಿ, ನನ್ನ ಕೈಯಲ್ಲಿ, ಅವಳು ಒಂದು ರಾತ್ರಿ ಎದ್ದು ಕುಡಿದರೆ ಸಾಕು.

ಎದ್ದಿರಲು ಕುರ್ಚಿಯ ಮೇಲೆ ಕೂತಿದ್ದೆ. ಕುರ್ಚಿಯಲ್ಲೇ ಬೆಳಗಾಯಿತು. ಕೂಸಿನ ಬಟ್ಟೆಯೂ ಒದ್ದೆಯಾಗಿರಲಿಲ್ಲ.

ಡಿಸೆಂಬರ್ 29

ವಾಂತಿ ಬಂದ ಹಾಗಾಗುತ್ತದೆ. ಪಿನ್ನು ಕಳೆದುಹೋಗಿದೆ. ಹುಡುಕಿದೆ, ಹುಡುಕಿದೆ, ಕೂಸಿಗೆ ಚುಚ್ಚಿತೇನೋ ಎಂದು ಬಟ್ಟೆಯೆಲ್ಲ ಕೊಡವಿದೆ. ಸಂಜೆ ನೋಡಿದರೆ ನನ್ನ ಕುಪ್ಪಸದಲ್ಲೇ ಇದೆ.

ಇವತ್ತು ಭಾನುವಾರವೇ? ಕೆನ್ನೆ ಕೆಂಪಗಿದೆ ಅವಳದು. ಅವ್ವ ಫೋನಿನಲ್ಲಿ ನೋಡಿ "ಕೂಸು ಮೈ ಬಣ್ಣ ಬುಡ್ತಾ ಅದೆ" ಎಂದು ಖುಷಿಪಟ್ಟಳು.

ಡಿಸೆಂಬರ್ 30

ತೀರ್ಮಾನ ಮಾಡಿದೆ. ನಾಳೆ ಬೆಳಗ್ಗೆ ಅತ್ತೆಗೆ ಕೊಟ್ಟುಬಿಡುತ್ತೇನೆ. ರಾತ್ರಿಗೆ ಮಾತ್ರ ಅಲ್ಲ. ಅವರೇ ಇಟ್ಟುಕೊಳ್ಳಲಿ. ನಾನು ಹಾಲು ಕೊಡುವ ಹಸು. ಹಸುವಿಗೇನು ಅವಮಾನ. ಅವಳು ಬದುಕಿದರೆ ಸಾಕು ನನಗೆ, ಯಾರ ಕೈಯಲ್ಲಿ ಬದುಕಿದರೂ.

ಇವತ್ತು ಚಳಿ ಬಹಳ. ಇನ್ನೂ ಸ್ವಲ್ಪ ಇದ್ದಿಲು ಹಾಕಿದೆ. ಒಳಲೆಯಲ್ಲಿ ಹಾಲು ಇದೆ. ತುಟಿಗೆ ಹಿಡಿದೆ, ಹಾಗೇ ಹೊರಗೆ ಬಂತು. ಮಲಗಿದ್ದಾಳೆ. ಚೆಂದ ಮಲಗಿದ್ದಾಳೆ. ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸುತ್ತೇನೆ. ಅಕ್ಷರ ಯಾಕೋ ಸಾಲು ಬಿಟ್ಟು ಹೋಗುತ್ತಿದೆ. ಸ್ವಲ್ಪ ಹೊತ್ತು

ಜನವರಿ 3

ಆಸ್ಪತ್ರೆ. ತಾರೀಖನ್ನು ಇಲ್ಲಿನ ಸಿಸ್ಟರನ್ನು ಕೇಳಿ ಬರೆದೆ.

ಬದುಕಿದ್ದಾಳೆ. ಮೊದಲು ಅದನ್ನು ಬರೆಯಬೇಕು. ಬದುಕಿದ್ದಾಳೆ, ಕುಡಿಯುತ್ತಿದ್ದಾಳೆ.

ನಡೆದದ್ದು ನನಗೆ ನೆನಪಿಲ್ಲ, ಇವರು ಹೇಳಿದ್ದನ್ನು ಬರೆಯುತ್ತೇನೆ. ಆ ರಾತ್ರಿ ಕರೆಂಟು ಹೋಗಿ ಕ್ಯಾರೆಟ್ ತೊಳೆಯುವ ಮೆಷಿನ್ನು ನಿಂತಿತು, ಇವರು ಲೋಡಿಲ್ಲದೆ ವಾಪಸು ಬಂದರು. ಬಾಗಿಲು ಬಡಿದರು, ಫೋನ್ ಮಾಡಿದರು. ಒಳಗೆ ರಿಂಗಾಗುತ್ತಿತ್ತಂತೆ. ನಿದ್ದೆ ಬಂದಿರಬೇಕು, ಪಾಪ ಎಂದು ಕೆಳಗೆ ಹೋಗಿ ಮಲಗಲು ಚಾಪೆ ಬಿಡಿಸಿದರು. ಅತ್ತೆ ಎದ್ದು ಕೂತು, "ಅಷ್ಟು ಬಡುದ್ರೂ ಎದ್ದಿಲ್ವಾ? ಕೂಸಿನ ತಾಯಿ ಎದ್ದಿಲ್ವಾ?" ಎಂದವರೇ ಪನಿ ಬಿದ್ದ ಮೆಟ್ಟಿಲಲ್ಲಿ ಬರಿಗಾಲಲ್ಲಿ ಓಡಿ ಬಂದು, ಖಾರ ಅರೆಯುವ ಗುಂಡುಕಲ್ಲನ್ನು ಕಿಟಕಿಯ ಗಾಜಿಗೆ ಎಸೆದರಂತೆ. ಗಾಜಿನ ಒಳಗೆ ಕೈ ಹಾಕಿ ಚಿಲಕ ತೆಗೆದದ್ದೂ ಅವರೇ. ಅಂಗೈಗೆ ಹೊಲಿಗೆ ಬಿದ್ದಿದೆ.

ಡಾಕ್ಟರು ಇವರಿಗೆ ತಮಿಳಿನಲ್ಲಿ ಹೇಳಿದರು, ಇವರು ನನಗೆ ಕನ್ನಡದಲ್ಲಿ. ಇದ್ದಿಲ ಕೆಂಡದಿಂದ ಒಂದು ಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಂದಿಯಿರುವ ಮನೆಯಲ್ಲಿ ಹೊರಗೆ ಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಉಳಿದು ರಕ್ತಕ್ಕೆ ಸೇರುತ್ತದೆ. ಮೊದಲು ತಲೆನೋವು, ಆಮೇಲೆ ಮರೆವು, ಆಮೇಲೆ ನಿದ್ದೆ. ಆಮೇಲೆ ಏಳದ ನಿದ್ದೆ. ದಿನ ತುಂಬದ ಕೂಸುಗಳು ಹೇಗೂ ನಿದ್ದೆಬಡುಕರು, ಹಾಗಾಗಿ ಯಾರಿಗೂ ಗುಮಾನಿ ಬರಲಿಲ್ಲ.

ಕೂಸಿನ ಮೂಗಿಗೆ ಸಣ್ಣ ಕೊಳವೆ ಹಾಕಿದ್ದರು, ನೆನ್ನೆ ತೆಗೆದರು. ನನಗೆ ಒಂದೇ ಸಮನೆ ಅಳು. ಸಿಸ್ಟರು ಭಯದಿಂದ ಎಂದುಕೊಂಡಿದ್ದಾರೆ. ಭಯ ಅಲ್ಲ. ಅವಳು ನನ್ನನ್ನು ಬೇಡವೆನ್ನಲಿಲ್ಲ. ಇಷ್ಟು ದಿನವೂ ಬೇಡವೆನ್ನಲಿಲ್ಲ.

ಜನವರಿ 6

ಮನೆಗೆ ಬಂದೆವು. ಮನೆ ಎಂದರೆ ಅತ್ತೆಯ ಅಡುಗೆಮನೆ. ಚಳಿಗೆ ಮೂರು ಕಂಬಳಿ, ಅತ್ತೆಯ ಬೆನ್ನು. ನನ್ನ ಮಗಳು ಇಲ್ಲಿಯವರೆಗೆ ಮಲಗಿದ್ದಕ್ಕೆಲ್ಲ ಬಡ್ಡಿ ಸೇರಿಸಿ ಅಳುತ್ತಿದ್ದಾಳೆ. ಎಬ್ಬಿಸುವ ಕೆಲಸ ಈಗ ಅವಳದು, ಏಳುವ ಕೆಲಸ ನನ್ನದು.

ಅವ್ವನಿಗೆ ಏನೂ ಹೇಳಿಲ್ಲ. ಕೂಸಿಗೆ ಕಫ, ಅದಕ್ಕೇ ಆಸ್ಪತ್ರೆ ಎಂದು ಇವರು ಫೋನಿನಲ್ಲಿ ಹೇಳಿದ್ದಾರೆ. ಹಾಗೆ ಹೇಳಿಸಿದ್ದು ಅತ್ತೆ. "ನಿಮ್ಮವ್ವಂಗೆ ಹೇಳ್ಬ್ಯಾಡ ಗೀತಾ. ಅವ್ರು ಒಳ್ಳೇದಕ್ಕೇ ಮಾಡುದ್ರು. ತಿಳುದ್ರೆ ಆ ಜೀವ ತಡಕೊಳ್ಳಲ್ಲ. ಎಂದಾರ ತಿಳುದ್ರೂ, ಮನೆ ಕಟ್ಟಿದ್ದು ನನ್ನ ಮಗ, ಗಾಳಿ ಆಡ್ದಂಗೆ ಕಟ್ಟವ್ನೆ, ತಪ್ಪು ನಮ್ದೇ ಅನ್ನು."

ನಾನು ಈ ಹೆಂಗಸಿನ ಮೇಲೆ ಹೊಟ್ಟೆಕಿಚ್ಚುಪಟ್ಟೆ. ನಾಚಿಕೆಯಾಗುತ್ತದೆ.

ಹೇಳದೆ ಇರುವುದೇ ಸುಲಭ. ಆದರೆ ಕಲಾ ಇದ್ದಾಳೆ. ಫೆಬ್ರವರಿಯಲ್ಲಿ ಅವಳ ಹೆರಿಗೆ, ಊರಿನಲ್ಲೇ ಬಾಣಂತನ. ಹೋದ ವರ್ಷ ಅಪ್ಪ ಹಂಚು ಇಳಿಸಿ ತಾರಸಿ ಹಾಕಿಸಿದರು, ಕಿಟಕಿಗೆ ಗಾಜು ಕೂರಿಸಿದರು. ಅವ್ವ ಆ ಹೊಸ ಕೋಣೆಯ ಸಂದಿಗಳಿಗೆ ಸೀರೆ ತುರುಕುತ್ತಾಳೆ. ಮಂಚದ ಕೆಳಗೆ ಕೆಂಡ ಇಡುತ್ತಾಳೆ. ಸುಮ್ಮನೆ "ಇಡಬೇಡ" ಅಂದರೆ ಕೇಳುವವಳಲ್ಲ, ಕಾರಣ ಹೇಳಲೇಬೇಕು. ಫೋನಿನಲ್ಲಿ ಹೇಳುವ ಮಾತೂ ಅಲ್ಲ. ಹಬ್ಬಕ್ಕೆ ಮುಂಚೆ ಕೂಸನ್ನು ನೋಡಲು ಬರುತ್ತಾಳಂತೆ. ಬರಲಿ. ಅಷ್ಟರಲ್ಲಿ ಧೈರ್ಯ ಬರಬಹುದು.

ಜನವರಿ 10

ಧೈರ್ಯ ಬರಲಿಲ್ಲ, ಅವ್ವ ಬಂದಳು.

ಕೂಸು ಅಳುವುದನ್ನು ನೋಡಿ, "ಎಂಥಾ ಗಂಟ್ಲು ನಿನ್ ಮಗಳ್ದು! ನಂಗೆ ಹೆದ್ರಿಕೆ ಇತ್ತು, ಈಗ ಹೋಯ್ತು" ಎಂದು ಕುಣಿಸಿದಳು. ಅತ್ತೆಯ ಅಂಗೈ ಕಟ್ಟು ನೋಡಿ ಏನಾಯಿತೆಂದು ಕೇಳಿದಳು. ಅತ್ತೆ "ಕುಡುಗೋಲು ತಾಗ್ತು ಬೀಗ್ತೀರೆ" ಅಂದರು. ಮೂವರೂ ಅಂಗಳದ ಬಿಸಿಲಲ್ಲಿ ಕೂತೆವು. ಅವ್ವ ಕೂಸಿನ ಬಟ್ಟೆಗಳನ್ನು ಮಡಿಸುತ್ತ ಕಲಾಳ ಬಾಣಂತನದ ಮಾತು ಎತ್ತಿದಳು. "ಹೊಸ ಕೋಣೆ ಚೆಂದಾಗದೆ. ಅಲ್ಲೇ ಮಂಚ ಹಾಕುಸ್ತೀನಿ. ಆ ಬಾಣಲಿ ಕೊಟ್ಬುಡು, ಹೋಗ್ತಾ ತಕ್ಕೊಂಡ್ ಹೋಗ್ತೀನಿ."

ಹೇಳಿಬಿಟ್ಟೆ. ಅತ್ತೆ ನಡುವೆ ಕೆಮ್ಮಿದರು, "ನಮ್ಮ ಮನೆ ಕಟ್ಟಿರೋದೇ ಸರಿಗಿಲ್ಲ ಬೀಗ್ತೀರೆ" ಎಂದು ಬಾಯಿ ಹಾಕಿದರು. ನಾನು ನಿಲ್ಲಿಸಲಿಲ್ಲ. ತಲೆನೋವು, ಬಣ್ಣವಿಲ್ಲದ ಗಾಳಿ, ಒಡೆದ ಗಾಜು, ಮೂಗಿನ ಕೊಳವೆ, ಎಲ್ಲವನ್ನೂ ಹೇಳಿದೆ. "ಕಲಾಗೆ ಕೆಂಡ ಇಡಬೇಡವ್ವ. ಇಟ್ಟರೂ ಕಿಟಕಿ ತೆಗೆದಿಡು. ಇದು ನಿನ್ನ ತಪ್ಪಲ್ಲ, ಯಾರಿಗೂ ಗೊತ್ತಿರಲಿಲ್ಲ" ಅಂದೆ.

ಅವ್ವ ಅಳುತ್ತಾಳೆ ಎಂದುಕೊಂಡಿದ್ದೆ. ಇಲ್ಲವೇ ನಿಮ್ಮ ಡಾಕ್ಟರಿಗೇನು ಗೊತ್ತು ಎಂದು ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ಸಿದ್ಧವಾಗಿದ್ದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಹಂಚಿನ ಮನೇಲೂ ಹಂಗಾಗ್ತದಾ ಗೀತಾ?"

ಅವಳು ಕಲಾಳನ್ನು ನೆನೆದು ಕೇಳುತ್ತಿದ್ದಾಳೆ ಎಂದುಕೊಂಡು, "ನಮ್ಮದು ಈಗ ಹಂಚಿನ ಮನೆ ಅಲ್ಲವಲ್ಲವ್ವ" ಅಂದೆ.

"ಈಗಿಂದಲ್ಲ. ಆಗಿಂದು. ಮಳೆಗೆ ಸೋರ್ತದೆ ಅಂತ ನಿಮ್ಮಪ್ಪ ಹಂಚಿನ ಮೇಲೆ ಟಾರ್ಪಾಲು ಎಳ್ದಿದ್ದ ವರ್ಷ."

ನನಗೆ ಆಗ ಗೊತ್ತಾಯಿತು. ನನಗೆ ಮುಂಚೆ ಅವ್ವನಿಗೆ ಒಬ್ಬ ಮಗ ಹುಟ್ಟಿದ್ದ. ಮೊದಲ ಕೂಸು. ಹೆಸರಿಡುವ ಮೊದಲೇ ಒಂದು ರಾತ್ರಿ ಮಲಗಿದಲ್ಲೇ ಹೋದ. ಮನೆಯಲ್ಲಿ ಆ ಮಾತು ಆಡುವುದಿಲ್ಲ. ಎಂದಾದರೂ ಬಂದರೆ ಅವ್ವ ಒಂದೇ ಮಾತು ಹೇಳುತ್ತಿದ್ದಳು, ನನ್ನ ಹಾಲು ಅವನಿಗೆ ಹಿಡಿಸಲಿಲ್ಲ ಎಂದು. ಇಷ್ಟು ವರ್ಷ ಅವಳು ಅದನ್ನು ನಂಬಿಕೊಂಡು ಬದುಕಿದ್ದಳು. ಅದು ಎಂಥ ನಂಬಿಕೆ ಎಂದು ನನಗಿಂತ ಚೆನ್ನಾಗಿ ಈಗ ಯಾರಿಗೆ ಗೊತ್ತು? ಆದರೂ ಅದೇ ವಾಸಿ ಅನ್ನಿಸಿತು, ಇದಕ್ಕಿಂತ.

"ಇಲ್ಲವ್ವ" ಅಂದೆ. "ಹಂಚಿನ ಮನೇಲಿ ಆಗಲ್ಲ. ಟಾರ್ಪಾಲು ಹಾಕಿದ್ರೂ ಗೋಡೆ ಮೇಲೆ ಸಂದಿ ಇರ್ತದಲ್ಲ, ಹೋಗ್ಬುಡ್ತದೆ."

"ಡಾಕ್ಟ್ರು ಹೇಳುದ್ರಾ?"

"ಹೂಂ. ಡಾಕ್ಟ್ರೇ ಹೇಳುದ್ರು."

ಅತ್ತೆ ನನ್ನನ್ನು ನೋಡಿದರು, ಆಮೇಲೆ ಬೇರೆ ಕಡೆ ನೋಡಿದರು. ಅವ್ವ ತಲೆಯಾಡಿಸಿದಳು. ಬಟ್ಟೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು, ಎದ್ದು ಒಳಗೆ ಹೋಗಿ ಅಡುಗೆಗೆ ಕೈ ಹಚ್ಚಿದಳು. ಕಲಾಗೆ ಕೆಂಡ ಇಡುವುದಿಲ್ಲ ಎಂದು ತಾನಾಗೇ ಹೇಳಿದಳು. ಊಟ ಮಾಡಿದಳು. ಕೂಸಿಗೆ ಜೋಗುಳವನ್ನೂ ಹಾಡಿದಳು.

ಈಗ ರಾತ್ರಿ. ಕೂಸು ಎರಡು ಕಡೆಯೂ ಕುಡಿದು ಮಲಗಿದೆ. ಅವ್ವ ಮಲಗಿಲ್ಲ. ನಾನು ನೋಡುತ್ತಿಲ್ಲ ಎಂದುಕೊಂಡು ಆಗಾಗ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಾಳೆ, ಉಸಿರು ತಾಕಿದ ಮೇಲೆ ತೆಗೆಯುತ್ತಾಳೆ. ಅವಳು ನಾನು ಹೇಳಿದ್ದನ್ನು ನಂಬಿದಳೋ ಇಲ್ಲವೋ ನನಗೆ ತಿಳಿಯುತ್ತಿಲ್ಲ. ನಾನು ಹೇಳಿದ್ದು ನಿಜವೋ ಸುಳ್ಳೋ, ಅದೂ ನನಗೆ ಗೊತ್ತಿಲ್ಲ. ಸೋಮವಾರ ಕೂಸನ್ನು ತೋರಿಸಲು ಡಾಕ್ಟರ ಹತ್ತಿರ ಹೋಗಬೇಕು. ಕೇಳಬಹುದು.

ಕೇಳುವುದಿಲ್ಲ.